ಅಪ್ಪಯ್ಯನ ಲ್ಯಾಪ್‌ಟಾಪು, ನನ್ನ ಡಬ್ಬಿ

ಅಪ್ಪಯ್ಯನದ್ದು ಒಂದೇ ಷರತ್ತು. "ಒಳಗೆ ಕೈ ಹಾಕಬೇಡ. ಹೊರಗೆ ಎಂತ ಬೇಕಾದ್ರೂ ಮಾಡ್ಕೋ."

ಹೇಳಿದ್ದು ಅವನ ಲ್ಯಾಪ್‌ಟಾಪಿನ ಬಗ್ಗೆ. ಈ ಷರತ್ತಿಗೆ ಕಾರಣ ನಾನೇ. 2008ರಲ್ಲಿ, ನಾನು ಶಿವಮೊಗ್ಗದಲ್ಲಿ ಓದುತ್ತಿದ್ದಾಗ, ಮನೆ ವಿಳಾಸಕ್ಕೆ ಅಂಚೆಯಲ್ಲಿ ಉಬುಂಟು ಸಿ.ಡಿ. ತರಿಸಿಕೊಂಡಿದ್ದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸಿನ ಒಂದು ಬಗೆ ಅದು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಅದನ್ನು ಮಾಡುವ ಕ್ಯಾನೊನಿಕಲ್ ಕಂಪನಿ 2011ರವರೆಗೂ ಕೇಳಿದವರಿಗೆಲ್ಲ ಸಿ.ಡಿ.ಯನ್ನು ಪುಕ್ಕಟೆ ಕಳಿಸುತ್ತಿತ್ತು, ಅಂಚೆ ಖರ್ಚೂ ಅವರದ್ದೇ. ಶಿಪ್‌ಇಟ್ ಅಂತ ಹೆಸರು. ಪೋಸ್ಟ್‌ಮ್ಯಾನ್ ಅದನ್ನು ಕೊಡುವಾಗ "ಫಾರಿನ್ನಿಂದ ಬಂದಿದೆ" ಅಂತ ಎರಡು ಸಲ ಹೇಳಿದ್ದ. ಆ ಖುಷಿಯಲ್ಲಿ ಮನೆಯ ಡೆಸ್ಕ್‌ಟಾಪಿಗೆ ಸಿ.ಡಿ. ಹಾಕಿ, ಪೂರ್ತಿ ಡಿಸ್ಕ್ ಬಳಸಲಾ ಅಂತ ಅದು ಕೇಳಿದ್ದಕ್ಕೆ ಹೂಂ ಅಂದುಬಿಟ್ಟೆ. ಡಿ ಡ್ರೈವಿನಲ್ಲಿ ಅಪ್ಪಯ್ಯನ ನಾಲ್ಕು ವರ್ಷದ ಲೆಕ್ಕಪತ್ರ ಇತ್ತು. ಅವನು ಆಗ ಸೊಸೈಟಿಯಲ್ಲಿ ಕೆಲಸದಲ್ಲಿದ್ದ. ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಅದಾಗಿ ಹದಿನೇಳು ವರ್ಷ. 2025ರ ಆಗಸ್ಟ್ ಮೊದಲ ವಾರ ಊರಿಗೆ ಹೋಗಿದ್ದೆ. ಸಾಗರದ ಕಡೆ ಮಳೆ ಬಿಡದೆ ಹೊಯ್ಯುತ್ತಿತ್ತು. ಅಪ್ಪಯ್ಯ ಜಗಲಿಯಲ್ಲಿ ಕೂತು, ವಿಂಡೋಸ್ ಪರದೆ ಮೇಲೆ ಬಂದ ಒಂದು ನೋಟೀಸನ್ನು ತೋರಿಸಿ "ಇದು ಎಂತ ಹೇಳ್ತಿದೆ ನೋಡು" ಅಂದ. ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ನಂತರ ಅಪ್‌ಡೇಟ್ ಇಲ್ಲ ಅಂತ ಇತ್ತು. ಹಾಗಾದರೆ ವಿಂಡೋಸ್ 11 ಹಾಕಿಕೊಡು ಅಂದ. ಹಾಕಲು ಬರುವುದಿಲ್ಲ. ಅದಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಆಮೇಲಿನದ್ದೋ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಅಪ್ಪಯ್ಯನದ್ದು ಆರನೇ ತಲೆಮಾರಿನ ಐ5. ಹೊಸದು ತಗೊಳ್ಳೋಣ ಅಂದೆ.

"ಇದಕ್ಕೆ ಎಂತ ಆಗಿದೆ?"

ಉತ್ತರ ಹೇಳುವುದು ಕಷ್ಟ. ನಿಜವಾಗಿ ಅದಕ್ಕೆ ಏನೂ ಆಗಿಲ್ಲ. ಕೀಬೋರ್ಡ್ ಸರಿ ಇದೆ, ಪರದೆ ಸರಿ ಇದೆ, ಎರಡು ವರ್ಷದ ಹಿಂದೆ ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಓಟವೂ ಚುರುಕಾಗಿದೆ. ಬ್ಯಾಟರಿ ಮಾತ್ರ ಇಪ್ಪತ್ತು ನಿಮಿಷ ಬರುತ್ತದೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಿರುವವರಿಗೆ ಅದೂ ದೊಡ್ಡ ವಿಷಯ ಅಲ್ಲ.

ಹಾಗಾಗಿ ಲಿನಕ್ಸ್ ಅಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಬಂತು ಆ ಷರತ್ತು.

ಒಳಗಿನಿಂದ ತೆಗೆದ 500 ಜಿಬಿ ಹಳೇ ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಇತ್ತು. ಅದನ್ನೊಂದು ಕೇಸಿಂಗಿಗೆ ಹಾಕಿ ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಅದೇ ಎಕ್ಸ್‌ಟರ್ನಲ್ ಡಿಸ್ಕ್. ಅಪ್ಪಯ್ಯ ಅದಕ್ಕೆ ಡಬ್ಬಿ ಅಂತ ಹೆಸರಿಟ್ಟ. ಲಿನಕ್ಸನ್ನು ಆ ಡಬ್ಬಿಗೆ ಹಾಕುವುದು. ಡಬ್ಬಿ ಸಿಕ್ಕಿಸಿ ಆನ್ ಮಾಡಿದರೆ ಲಿನಕ್ಸ್, ಸಿಕ್ಕಿಸದಿದ್ದರೆ ಎಂದಿನ ವಿಂಡೋಸ್. ಬೇಡ ಅನ್ನಿಸಿದರೆ ಡಬ್ಬಿ ಎತ್ತಿ ಕಪಾಟಿಗೆ. ಇಷ್ಟು ಸುಲಭದ ಯೋಚನೆ ಅದು, ಕೇಳಲು.

ಇದೇನೂ ಕಳ್ಳದಾರಿ ಅಲ್ಲ. ಮೈಕ್ರೋಸಾಫ್ಟ್ ಕೂಡ ವಿಂಡೋಸ್ ಟು ಗೋ ಅಂತ ಒಂದು ಸೌಲಭ್ಯ ಇಟ್ಟಿತ್ತು, ದೊಡ್ಡ ಕಂಪನಿಗಳಿಗೆ ಅಂತ, ಯುಎಸ್‌ಬಿ ಡ್ರೈವಿನಲ್ಲೇ ಇಡೀ ವಿಂಡೋಸ್. 2020ರಲ್ಲಿ ಅದನ್ನು ತೆಗೆದುಹಾಕಿತು. ಲಿನಕ್ಸಿಗೆ ಮಾತ್ರ ಈ ಅಲೆಮಾರಿತನ ಮೊದಲಿನಿಂದ ಒಗ್ಗಿದೆ. ಯಂತ್ರಾಂಶವನ್ನು ನಡೆಸುವ ಹೆಚ್ಚಿನ ಡ್ರೈವರುಗಳು ಅದರ ತಿರುಳಾದ ಕರ್ನಲ್ ಜೊತೆಯಲ್ಲೇ ಬರುತ್ತವೆ, ಪ್ರತಿ ಸಲ ಎದ್ದಾಗಲೂ ಅದು ಸುತ್ತ ಮುತ್ತ ಯಾವ ಯಂತ್ರಾಂಶ ಇದೆ ಅಂತ ಹೊಸದಾಗಿ ನೋಡಿಕೊಳ್ಳುತ್ತದೆ. ನೆಂಟರ ಮನೆಯಲ್ಲಿ ಎದ್ದರೂ ಬಚ್ಚಲು ಎಲ್ಲಿದೆ ಅಂತ ಹುಡುಕಿಕೊಳ್ಳುವ ಜನರಿದ್ದಾರಲ್ಲ, ಹಾಗೆ.

ಯಾವ ಲಿನಕ್ಸ್ ಅಂತ ಹೇಳುವುದಿಲ್ಲ. ಹೇಳಿದರೆ ಜಗಳ ಶುರುವಾಗುತ್ತದೆ, ಅದೂ ಅಲ್ಲದೆ ಮುಂದೆ ಆದದ್ದರಲ್ಲಿ ಅದಕ್ಕಿಂತ ನನ್ನ ಅವಸರದ ಪಾಲು ಜಾಸ್ತಿ. ಸುಮಾರು 3 ಜಿಬಿ ಫೈಲನ್ನು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಳ್ಳಲು ಒಂದು ಇಡೀ ಮಧ್ಯಾಹ್ನ ಹೋಯಿತು. ಮಾಳಿಗೆಯ ಕಿಟಕಿ ಹತ್ತಿರ ಫೋನ್ ಇಟ್ಟರೆ ಮಾತ್ರ ಸಿಗ್ನಲ್. ಪೆನ್‌ಡ್ರೈವಿಗೆ ಬರೆದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಒತ್ತಿ, ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಎಲ್ಲಿಗೆ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳಿದಾಗ ಮೂರು ಮೂರು ಸಲ ನೋಡಿದೆ. 240 ಜಿಬಿ ಇರುವುದು ಒಳಗಿನದ್ದು, 500 ಇರುವುದು ಡಬ್ಬಿ. ಈ ಸಲ ಎಡವಟ್ಟು ಆಗಬಾರದು. ಡಬ್ಬಿಯಲ್ಲಿ ಪಾರ್ಟಿಷನ್, ಅಂದರೆ ಪಾಲು, ಮಾಡಿಕೊಂಡೆ. ಪುಟದ ಕೆಳಗೆ, ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಯಾವ ಡಿಸ್ಕಿಗೆ ಅಂತ ಇನ್ನೊಂದು ಪಟ್ಟಿ ಇತ್ತು. ಅಲ್ಲೂ ಡಬ್ಬಿಯನ್ನೇ ಆರಿಸಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲೂ ಡಬ್ಬಿಯನ್ನೇ ಆರಿಸಿದೆ.

ರಾತ್ರಿ ಹತ್ತಕ್ಕೆ ಎಲ್ಲ ಮುಗಿಯಿತು. ಲಿನಕ್ಸ್ ಎದ್ದಿತು, ಅಪ್ಪಯ್ಯನಿಗೆ ತೋರಿಸಿದೆ, ಚೆನ್ನಾಗಿದೆ ಅಂದ. ಮಾರನೇ ದಿನ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಹೊರಡುವಾಗ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಕನ್ನಡ ಫಾಂಟು, ಕೀಬೋರ್ಡು ಎಲ್ಲ ಸರಿ ಮಾಡಿ ಚೌತಿಗೆ ಬರುವಾಗ ತರುತ್ತೇನೆ ಅಂತ.

ಮೆಜೆಸ್ಟಿಕ್‌ನಲ್ಲಿ ಇಳಿದು ಕಾಫಿ ಕುಡಿಯುತ್ತಿದ್ದೆ. ಫೋನ್ ಬಂತು.

"ಏ, ಇದರಲ್ಲಿ ಎಂತೋ ಇಂಗ್ಲೀಷ್ ಬಂದು ಕೂತಿದೆ. ಪರದೆ ಪೂರ್ತಿ ಕಪ್ಪು."

"ಎಂತ ಬರ್ದಿದೆ, ಓದು ಅಪ್ಪಯ್ಯ."

"ಜಿ ಎನ್ ಯು ಗ್ರಬ್. ಕೆಳಗೆ ಮಿನಿಮಲ್ ಬ್ಯಾಶ್ ಲೈಕ್ ಲೈನ್ ಎಡಿಟಿಂಗ್..." ಅವನು ಓದುತ್ತಾ ಹೋದ. ಕೊನೆಗೆ "ಮತ್ತೆ ಗ್ರಬ್ ಅಂತಿದೆ, ಒಂದು ಬಾಣದ ಗುರುತು, ಪಕ್ಕದಲ್ಲಿ ಕಡ್ಡಿ ಮಿಣಕ್ ಮಿಣಕ್ ಅಂತಿದೆ."

ನನ್ನ ಹೊಟ್ಟೆಯಲ್ಲಿ ಏನೋ ತಿರುಗಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ಇಳಿಸಿ ಕೇಳಿದ. "ಮತ್ತೆ ಅದನ್ನೇ ಮಾಡಿದ್ಯಾ?"

ಅದು ಅಂದರೆ ಯಾವುದು ಅಂತ ಇಬ್ಬರಿಗೂ ಗೊತ್ತು.

"ಇಲ್ಲ ಅಪ್ಪಯ್ಯ, ನಿನ್ನದೆಲ್ಲ ಹಾಗೇ ಇದೆ. ನಾನು ಹೇಳಿದ್ದು ಹೊಡಿ. ಇ, ಎಕ್ಸ್, ಐ, ಟಿ. ಎಂಟರ್."

ಒಂದೊಂದೇ ಕೀ ಒತ್ತುವ ಶಬ್ದ ಕೇಳುತ್ತಿತ್ತು. ಆಮೇಲೆ ಮಳೆಯ ಶಬ್ದ. ಆಮೇಲೆ "ಹಾಂ, ವಿಂಡೋಸ್ ಬಂತು" ಅಂದ. ನಾನು ಕಾಫಿ ಲೋಟ ಕೆಳಗಿಟ್ಟೆ.

ಆದದ್ದು ಇಷ್ಟು. ಈಗಿನ ಕಂಪ್ಯೂಟರುಗಳಲ್ಲಿ ಯುಇಎಫ್ಐ ಅಂತ ಒಂದು ವ್ಯವಸ್ಥೆ ಇರುತ್ತದೆ, ಹಳೇ ಬಯಾಸ್‌ನ ಜಾಗಕ್ಕೆ ಬಂದದ್ದು. ಆನ್ ಮಾಡಿದ ಕೂಡಲೇ ಅದು ಡಿಸ್ಕಿನ ಒಂದು ಚಿಕ್ಕ ಪಾರ್ಟಿಷನ್ನನ್ನು ಹುಡುಕುತ್ತದೆ. ಇಎಸ್‌ಪಿ ಅಂತ ಅದರ ಹೆಸರು. ವಿಂಡೋಸ್ ತನ್ನಷ್ಟಕ್ಕೆ ಮಾಡಿಕೊಂಡರೆ ಸಾಮಾನ್ಯವಾಗಿ 100 ಎಂಬಿ, ಫ್ಯಾಟ್32 ರೂಪದಲ್ಲಿ. ಪೆನ್‌ಡ್ರೈವಿನ ಹಾಗೆ ಸಾದಾ ಫೈಲುಗಳು ಅಲ್ಲಿರುತ್ತವೆ. ವಿಂಡೋಸನ್ನು ಎಬ್ಬಿಸುವ ಫೈಲು ಒಂದು ಫೋಲ್ಡರಿನಲ್ಲಿ, ಲಿನಕ್ಸ್ ಹಾಕಿದ್ದರೆ ಅದರ ಬೂಟ್‌ಲೋಡರ್ ಆದ ಗ್ರಬ್ ಇನ್ನೊಂದರಲ್ಲಿ. ಅದನ್ನು ಮನೆಯ ಜಗಲಿ ಅಂದುಕೊಳ್ಳಿ. ಯಾರೇ ಬಂದರೂ ಮೊದಲು ಜಗಲಿಗೆ ಬಂದು, ಅಲ್ಲಿಂದ ಒಳಗೆ.

ಡಬ್ಬಿ ಬೇರೆ ಮನೆ. ಅದಕ್ಕೂ ಒಂದು ಜಗಲಿ ನಾನೇ ಕಟ್ಟಿದ್ದೆ, 300 ಎಂಬಿಯದ್ದು. ಆದರೆ ಇನ್‌ಸ್ಟಾಲರು ಏನು ಮಾಡಿತು ಅಂದರೆ, ನಾನು ಪಟ್ಟಿಯಲ್ಲಿ ಯಾವುದನ್ನು ಆರಿಸಿದರೂ ಕೇಳದೆ, ಕಣ್ಣಿಗೆ ಬಿದ್ದ ಮೊದಲ ಜಗಲಿಗೆ ಹೋಗಿ ಗ್ರಬ್ಬನ್ನು ಇಟ್ಟು ಬಂತು. ಮೊದಲು ಕಣ್ಣಿಗೆ ಬಿದ್ದದ್ದು ಅಪ್ಪಯ್ಯನ ವಿಂಡೋಸ್ ಜಗಲಿ. ಆ ಪಟ್ಟಿ ಹಳೇ ಬಯಾಸ್ ಕಾಲದ್ದು. ಯುಇಎಫ್ಐ ಇದ್ದಾಗ ಕೆಲವು ಇನ್‌ಸ್ಟಾಲರುಗಳಲ್ಲಿ ಅದು ಬರೀ ಅಲಂಕಾರ. ಇದು ಹತ್ತು ವರ್ಷಕ್ಕೂ ಮೀರಿ ಜನರಿಗೆ ಗೊತ್ತಿರುವ ತೊಂದರೆ ಅಂತ ನನಗೆ ಗೊತ್ತಾದದ್ದು ಅವತ್ತು ಮಧ್ಯಾಹ್ನ.

ಸಾಲದ್ದಕ್ಕೆ ಗ್ರಬ್ ಬೂಟ್ ಆಗುವ ಸರದಿಯಲ್ಲೂ ತನ್ನನ್ನೇ ಮೊದಲು ಹಾಕಿಕೊಂಡಿತ್ತು. ಹಾಗಾಗಿ ಅಪ್ಪಯ್ಯ ಆನ್ ಮಾಡಿದರೆ ಮೊದಲು ಗ್ರಬ್ ಏಳುತ್ತದೆ. ಅದು ತನ್ನ ಉಳಿದ ಸಾಮಾನಿಗಾಗಿ ಡಬ್ಬಿಯನ್ನು ಹುಡುಕುತ್ತದೆ. ಡಬ್ಬಿ ನನ್ನ ಬ್ಯಾಗಿನಲ್ಲಿ, ಮೆಜೆಸ್ಟಿಕ್‌ನಲ್ಲಿ. ಸಿಗದೆ ಕಣ್ಣು ಮಿಟುಕಿಸುತ್ತಾ ಕೂರುತ್ತದೆ. ಎಕ್ಸಿಟ್ ಅಂದರೆ "ನಾನು ಹೊರಟೆ, ಮುಂದಿನವರನ್ನು ಕರಿ" ಅಂತ ಯುಇಎಫ್ಐಗೆ ಹೇಳಿದ ಹಾಗೆ. ಮುಂದಿನವರು ವಿಂಡೋಸ್.

ರೂಮಿಗೆ ಹೋಗಿ ಡಬ್ಬಿಯನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಎಫ್12 ಒತ್ತಿದರೆ ಪಟ್ಟಿಯಲ್ಲಿ ಡಬ್ಬಿಯ ಸುಳಿವೇ ಇಲ್ಲ. ಇರುವುದಾದರೂ ಹೇಗೆ? ಅದರ ಜಗಲಿ ಖಾಲಿ. ಅಲ್ಲಿ ಬಾಗಿಲಿದೆ ಮನೆಯಿಲ್ಲ, ಇಲ್ಲಿ ಮನೆಯಿದೆ ಬಾಗಿಲಿಲ್ಲ. ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ.

ಒಳಗೆ ಕೈ ಹಾಕಬೇಡ ಅಂದಿದ್ದ. ನಾನು ಹಾಕಿಲ್ಲ ಅಂತಲೇ ನಂಬಿದ್ದೆ. ಅವನ ಒಂದು ಫೈಲೂ ಹೋಗಿರಲಿಲ್ಲ ನಿಜ, ಆದರೆ ದಿನಾ ಬೆಳಿಗ್ಗೆ ತನ್ನದೇ ಕಂಪ್ಯೂಟರಿಗೆ ಹೋಗಲು ಅವನು ನನ್ನ ಗ್ರಬ್ಬಿನ ಅಪ್ಪಣೆ ಕೇಳಬೇಕಿತ್ತು. ಮೂರು ವಾರ ಕೇಳಿದ. ಫೋನಿನಲ್ಲೇ ಸರದಿ ಬದಲಿಸುವುದನ್ನು ಹೇಳಿಕೊಡಬಹುದಿತ್ತು, ಆದರೆ ಈಗಲೂ ಬಯಾಸ್ ಅಂತಲೇ ಕರೆಯುವ ಆ ಸೆಟ್ಟಿಂಗಿನ ಪುಟದಲ್ಲಿ ಬೇರೇನಾದರೂ ಒತ್ತಿಬಿಟ್ಟರೆ ಅಂತ ನನಗೇ ಧೈರ್ಯ ಬರಲಿಲ್ಲ. "ಪರವಾಗಿಲ್ಲ, ನಾಲ್ಕು ಅಕ್ಷರ ಅಲ್ವಾ" ಅಂದ. ಚೌತಿಗೆ ಹೋದಾಗ ನೋಡುತ್ತೇನೆ, ಪಂಚಾಂಗದ ಹಾಳೆ ಹರಿದು ಅದರ ಹಿಂದೆ ದಪ್ಪಕ್ಷರದಲ್ಲಿ ಇಎಕ್ಸ್ಐಟಿ ಅಂತ ಬರೆದು ಪರದೆಯ ಪಕ್ಕ ಅಂಟಿಸಿದ್ದಾನೆ. ಕೆಳಗೆ ಚಿಕ್ಕದಾಗಿ, "ಆಮೇಲೆ ಎಂಟರ್".

ಸರಿ ಮಾಡಲು ಅರ್ಧ ಗಂಟೆ ಸಾಕಾಯಿತು. ಆಗಸ್ಟ್ 27, ಚೌತಿ ಮಧ್ಯಾಹ್ನ, ಊಟ ಆಗಿ ಎಲ್ಲರೂ ಉರುಳಿಕೊಂಡಿದ್ದಾಗ ಕೂತೆ. ಡಬ್ಬಿ ಸಿಕ್ಕಿಸಿದ ಕೂಡಲೇ ಅಲ್ಲಿದ್ದ ಗ್ರಬ್ಬಿಗೆ ಅದರ ಮನೆ ಸಿಕ್ಕಿ ಲಿನಕ್ಸ್ ತನ್ನಷ್ಟಕ್ಕೆ ಎದ್ದಿತು. ಅದರಲ್ಲಿ ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಜಗಲಿಯ ವಿಳಾಸ ಬರೆದಿರುತ್ತದೆ. ಅಲ್ಲೂ ಅಪ್ಪಯ್ಯನ ಡಿಸ್ಕಿನ ವಿಳಾಸವೇ ಇತ್ತು. ಅದನ್ನು ಅಳಿಸಿ ಡಬ್ಬಿಯದ್ದನ್ನು ಬರೆದೆ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಏಳುವಾಗ, ಇಲ್ಲದ ಜಗಲಿಗಾಗಿ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಅಂತ ಕೂತುಬಿಡುತ್ತದೆ. ಆಮೇಲೆ ಗ್ರಬ್ಬನ್ನು ಡಬ್ಬಿಯ ಜಗಲಿಗೆ ಮತ್ತೊಮ್ಮೆ ಹಾಕಿದೆ, ಈ ಸಲ ರಿಮೂವಬಲ್ ಅನ್ನುವ ಆಯ್ಕೆ ಸೇರಿಸಿ.

ಆ ಒಂದು ಪದದಲ್ಲೇ ಇಡೀ ಗುಟ್ಟು ಇರುವುದು. ಸಾಮಾನ್ಯವಾಗಿ ಬೂಟ್‌ಲೋಡರು ತನ್ನ ಹೆಸರನ್ನು ಮದರ್‌ಬೋರ್ಡಿನ ನೆನಪಿನಲ್ಲಿ ಬರೆಸಿಕೊಳ್ಳುತ್ತದೆ, ಅಂದರೆ ಆ ಒಂದು ಕಂಪ್ಯೂಟರಿಗೆ ಮಾತ್ರ ಅದರ ಪರಿಚಯ. ಅಲೆದಾಡುವ ಡಿಸ್ಕಿಗೆ ಅದು ಸಾಲದು. ಅದಕ್ಕೆ ಅಂತಲೇ ಒಂದು ಒಪ್ಪಂದ ಇದೆ. ಇಎಸ್‌ಪಿಯಲ್ಲಿ ಇಎಫ್ಐ ಫೋಲ್ಡರು, ಅದರೊಳಗೆ ಬೂಟ್ ಫೋಲ್ಡರು, ಅದರೊಳಗೆ ಬೂಟ್ಎಕ್ಸ್64 ಅನ್ನುವ ಹೆಸರಿನ ಫೈಲು ಇದ್ದರೆ, ಪರಿಚಯ ಇಲ್ಲದ ಕಂಪ್ಯೂಟರೂ ಅದನ್ನು ಎಬ್ಬಿಸುತ್ತದೆ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ಗಳು ಎಲ್ಲ ಕಡೆ ಏಳುವುದು ಇದರಿಂದಲೇ. ರಿಮೂವಬಲ್ ಅಂದರೆ ಗ್ರಬ್ಬನ್ನು ಆ ಹೆಸರಿನಲ್ಲಿ ಇಡು ಅಂತ.

ಕೊನೆಗೆ ಅಪ್ಪಯ್ಯನ ಜಗಲಿಯಿಂದ ನಮ್ಮ ಫೋಲ್ಡರನ್ನು ತೆಗೆದೆ, ಮದರ್‌ಬೋರ್ಡಿನ ಪಟ್ಟಿಯಿಂದ ನಮ್ಮ ಹೆಸರನ್ನೂ ತೆಗೆದೆ. ಡಬ್ಬಿ ಕಿತ್ತು ಆನ್ ಮಾಡಿದರೆ ನೇರ ವಿಂಡೋಸ್. ಡಬ್ಬಿ ಸಿಕ್ಕಿಸಿ ಎಫ್12 ಒತ್ತಿದರೆ ಲಿನಕ್ಸ್.

ನೀವು ಮಾಡುವುದಾದರೆ ಮೊದಲೇ ಹೇಳಿಬಿಡುತ್ತೇನೆ, ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಒಳಗಿನ ಡಿಸ್ಕ್ ಇನ್‌ಸ್ಟಾಲರಿನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಬಯಾಸ್‌ನಲ್ಲಿ ಅದನ್ನು ಆಫ್ ಮಾಡುವ ಅವಕಾಶ ಕೆಲವದರಲ್ಲಿ ಇರುತ್ತದೆ. ಇಲ್ಲದಿದ್ದರೆ ಸ್ಕ್ರೂ ಬಿಚ್ಚಿ ತೆಗೆದೇ ಬಿಡಬಹುದು. ಅದೂ ಆಗದಿದ್ದರೆ, ಪಾರ್ಟಿಷನ್ ನೋಡುವ ತಂತ್ರಾಂಶದಲ್ಲಿ ಒಳಗಿನ ಇಎಸ್‌ಪಿಯ ಬೂಟ್ ಗುರುತನ್ನು ತಾತ್ಕಾಲಿಕವಾಗಿ ತೆಗೆದು, ಕೆಲಸ ಆದ ಮೇಲೆ ಮರೆಯದೆ ವಾಪಸ್ ಹಾಕಬೇಕು. ಮರೆತರೆ ವಿಂಡೋಸ್ ಏಳದೇ ಇರಬಹುದು, ಆಗ ನಿಮ್ಮ ಅಪ್ಪಯ್ಯನಿಗೆ ನೀವೇ ಉತ್ತರ ಹೇಳಿಕೊಳ್ಳಿ.

ಚೌತಿಯ ಮಾರನೇ ದಿನ ಇನ್ನೊಂದು ಕರೆ. ಈ ಸಲ ಫೋನಿನಲ್ಲಿ ಅಲ್ಲ, ಜಗಲಿಯಿಂದ ಅಡುಗೆಮನೆಗೆ. "ಮಧ್ಯಾಹ್ನ ಹನ್ನೆರಡಕ್ಕೆ ಇದು ಬೆಳಿಗ್ಗೆ ಆರೂವರೆ ಅಂತಿದೆ ಮಾರಾಯ್ತಿ!"

ಸರಿಯಾಗಿ ಐದೂವರೆ ಗಂಟೆ ಹಿಂದೆ. ಐದೂವರೆ ಅಂದ ಕೂಡಲೇ ಭಾರತದವರಿಗೆ ಹೊಳೆಯಬೇಕು. ಕಂಪ್ಯೂಟರ್ ಆಫ್ ಇದ್ದಾಗಲೂ ಓಡುವ ಚಿಕ್ಕ ಗಡಿಯಾರ ಮದರ್‌ಬೋರ್ಡಿನಲ್ಲಿ ಇರುತ್ತದಲ್ಲ, ಅದರಲ್ಲಿ ನಮ್ಮೂರ ಸಮಯ ಇದೆ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅದರಲ್ಲಿ ಯುಟಿಸಿ ಅನ್ನುವ ಜಾಗತಿಕ ಸಮಯ ಇಟ್ಟು, ತೋರಿಸುವಾಗ ಐದೂವರೆ ಗಂಟೆ ಸೇರಿಸಿಕೊಳ್ಳುತ್ತದೆ. ಲಿನಕ್ಸ್ ಓಡಿಸಿ ಆಮೇಲೆ ವಿಂಡೋಸಿಗೆ ಬಂದರೆ ಬೆಳಗಾಗುವುದೇ ತಡ. ಒಂದು ಗಡಿಯಾರಕ್ಕೆ ಇಬ್ಬರು ಯಜಮಾನರು. ಲಿನಕ್ಸಿಗೆ ನೀನೇ ಹೊಂದಿಕೋ ಅಂತ ಒಂದು ಸಾಲಿನ ಆಜ್ಞೆ ಕೊಟ್ಟೆ. ಹೊರಗಿನಿಂದ ಬಂದವರು ಹೊಂದಿಕೊಳ್ಳುವುದು ತಾನೇ ರೂಢಿ. ಗಡಿಯಾರಕ್ಕೆ ಕೈ ಹಾಕಿದ್ದೂ ಒಳಗೆ ಕೈ ಹಾಕಿದ ಹಾಗೆಯೇ ಅಂತ ಅಪ್ಪಯ್ಯ ವಾದ ಮಾಡಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜವಾದ ಪರೀಕ್ಷೆ ಇದ್ದದ್ದು ನುಡಿ ಅನ್ನುವ ಕನ್ನಡ ಬರೆಯುವ ತಂತ್ರಾಂಶದಲ್ಲಿ. ಅಪ್ಪಯ್ಯ ಇಪ್ಪತ್ತು ವರ್ಷದಿಂದ ನುಡಿಯಲ್ಲಿ ಬರೆಯುತ್ತಿದ್ದಾನೆ. ಅಡಿಕೆ ಲೆಕ್ಕ, ದೇವಸ್ಥಾನದ ಸಮಾರಾಧನೆಗೆ ಯಾರ ಮನೆಯಿಂದ ಎಷ್ಟು ತೆಂಗಿನಕಾಯಿ, ನಮ್ಮ ಮನೆತನದ ಏಳು ತಲೆಮಾರಿನ ವಂಶಾವಳಿ, ಎಲ್ಲ ಅದರಲ್ಲೇ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದ್ದರೂ, ಪ್ರಿಂಟಿಂಗ್ ಪ್ರೆಸ್ಸಿನವರು ಕೇಳುತ್ತಿದ್ದದ್ದು ಹಳೇ ನುಡಿ ಫಾಂಟಿನ ಫೈಲು. ಹಾಗಾಗಿ ಅವನೂ ಅದನ್ನು ಬಿಟ್ಟಿರಲಿಲ್ಲ.

ವಂಶಾವಳಿಯ ಫೈಲನ್ನು ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ತೆಗೆದೆ. ಇಬ್ಬರೂ ಬಗ್ಗಿ ನೋಡಿದೆವು. ಕನ್ನಡ ಅಂತ ಇರಬೇಕಾದ ಕಡೆ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಆಮೇಲೆ ಪೌಂಡ್ ಗುರುತು. ಏಳು ತಲೆಮಾರು ಬ್ರಿಟನ್ನಿನ ದುಡ್ಡಾಗಿ ಹೋಗಿತ್ತು. ಅಪ್ಪಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇದು ನಮ್ಮಜ್ಜನಾ?"

ಹಳೇ ನುಡಿ ಫೈಲಿನೊಳಗೆ ಕನ್ನಡವೇ ಇಲ್ಲ ಅಂತ ಅವನಿಗೆ ವಿವರಿಸುವುದು ಕಷ್ಟವಾಯಿತು. ಅಲ್ಲಿರುವುದು ಇಂಗ್ಲಿಷಿನ, ಯುರೋಪಿನ ಅಕ್ಷರಗಳ ಸಂಕೇತ. ನುಡಿ ಫಾಂಟು ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರದ ಹಾಗೆ ಕೂರಿಸಿದೆ. ಪಿ ಇದ್ದಲ್ಲಿ ಕ-ದ ಮೈ, ಗೀಟಿನ ಎ ಇದ್ದಲ್ಲಿ ತಲಕಟ್ಟು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ವೇಷ ಕಳಚಿದ ಮೇಲಿನ ಚೌಕಿಮನೆ.

ಫಾಂಟು ಇರುವುದು ಒಳಗಿನ ಡಿಸ್ಕಿನಲ್ಲಿ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ. ತೆಗೆದುಕೊಳ್ಳಲಾ ಅಂತ ಕೇಳಿದೆ. ಅವನು ಯೋಚನೆ ಮಾಡಿ "ಓದ್ಬಹುದು, ಬರೀಬಾರ್ದು" ಅಂದ. ತಮಾಷೆ ಅಂದರೆ ವಿಂಡೋಸೂ ಅದನ್ನೇ ಹೇಳಿತು. ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್ ಓದುವುದಕ್ಕೆ ಮಾತ್ರ ತೆರೆಯಿತು, ಬರೆಯಲು ಒಪ್ಪಲಿಲ್ಲ. ಅದನ್ನು ಆಫ್ ಮಾಡಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನಾನು ಹಾಗೇ ಬಿಟ್ಟೆ.

ಫಾಂಟು ಕಾಪಿ ಮಾಡಿ ಫೈಲನ್ನು ಮತ್ತೆ ತೆಗೆದಾಗ ಅಜ್ಜ, ಮುತ್ತಜ್ಜ ಎಲ್ಲ ಅವರವರ ಜಾಗಕ್ಕೆ ಬಂದರು. ಒಂದೆರಡು ಕಡೆ ಸಾಲು ಜಾರಿತ್ತು, ಅಷ್ಟೆ. ಟೈಪ್ ಮಾಡುವುದು ಇನ್ನೂ ಸುಲಭವಾಯಿತು. ನುಡಿಯ ಕೀಲಿಮಣೆ ಕೆ. ಪಿ. ರಾವ್ ಅವರು ರೂಪಿಸಿದ ಜೋಡಣೆಯ ಆಧಾರದ್ದು, ಲಿನಕ್ಸಿನಲ್ಲೂ ಕೆಜಿಪಿ ಅನ್ನುವ ಹೆಸರಿನಲ್ಲಿ ಅದು ಸಿಗುತ್ತದೆ. ಡ ಬೇಕಾದರೆ ಡಬ್ಲ್ಯೂ, ಒತ್ತು ಬೇಕಾದರೆ ಎಫ್. ಅಪ್ಪಯ್ಯನ ಬೆರಳಿಗೆ ಇದು ಬಾಯಿಪಾಠ. ಪರದೆ ನೋಡದೆ "ಅಡಿಕೆ" ಅಂತ ಹೊಡೆದ, ಆಮೇಲೆ ನೋಡಿದ. ಅಡಿಕೆ ಅಂತಲೇ ಬಂದಿತ್ತು. ಅದೂ ಯೂನಿಕೋಡಿನಲ್ಲಿ, ವಾಟ್ಸ್ಯಾಪಿಗೆ ಹಾಕಿದರೂ ಕೆಡದ ಅಡಿಕೆ. ಏನೂ ಹೇಳಲಿಲ್ಲ, ಇನ್ನೂ ನಾಲ್ಕು ಸಾಲು ಹೊಡೆದ.

ಡಬ್ಬಿಯ ನಿಧಾನ ಮಾತ್ರ ಅವನಿಗೆ ಸೇರಲಿಲ್ಲ. ಅವನು ಅದನ್ನು ಕಪ್ಪು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದ. ಅದು 2.0, ಸೆಕೆಂಡಿಗೆ 480 ಮೆಗಾಬಿಟ್. ಪಕ್ಕದ ನೀಲಿಯದ್ದು 3.0, 5 ಗಿಗಾಬಿಟ್. ನೀಲಿಗೆ ಬದಲಿಸಿದರೂ ಡೆಸ್ಕ್‌ಟಾಪ್ ಬರಲು ಎರಡು ನಿಮಿಷದ ಮೇಲೆ ಬೇಕು, ಏಕೆಂದರೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಸಾವಿರಾರು ಚಿಕ್ಕ ಫೈಲುಗಳನ್ನು ಸೂಜಿ ಓಡಾಡಿ ಹುಡುಕಬೇಕು, ಅದಕ್ಕೆ ಕಿಂಡಿ ಏನು ಮಾಡೀತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಚಿಕ್ಕ ಎಸ್‌ಎಸ್‌ಡಿ ತಂದು, ಅದೇ ಕೇಸಿಂಗಿಗೆ ಹಾಕಿ, ಎಲ್ಲವನ್ನೂ ಅದಕ್ಕೆ ದಾಟಿಸಿದೆ. ಈಗ ಅರ್ಧ ನಿಮಿಷ. ಇದನ್ನು ಮೊದಲೇ ಮಾಡಬೇಕಿತ್ತು. ಜಿಪುಣತನ.

ಇನ್ನೊಂದು ಸಲ ಲಿನಕ್ಸ್ ಓಡುತ್ತಿರುವಾಗಲೇ ಡಬ್ಬಿ ಕಿತ್ತುಬಿಟ್ಟ. ಪೆನ್‌ಡ್ರೈವ್ ಅಂದುಕೊಂಡನಂತೆ. ಪರದೆ ಮೇಲಿನ ಚಿತ್ರ ಹಾಗೇ ಇತ್ತು, ಮೌಸ್ ಬಾಣ ಓಡಾಡುತ್ತಿತ್ತು, ಆದರೆ ಯಾವುದೂ ತೆರೆಯುತ್ತಿಲ್ಲ. ತಲೆ ಹೋದರೂ ಸ್ವಲ್ಪ ಹೊತ್ತು ಓಡಾಡುವ ಕೋಳಿಯ ಹಾಗೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಎಬ್ಬಿಸಿದರೆ, ಜರ್ನಲ್ ಅನ್ನುವ ತನ್ನ ದಿನಚರಿ ನೋಡಿಕೊಂಡು ತನ್ನಷ್ಟಕ್ಕೆ ಸರಿಯಾಯಿತು. ಬರೆಯುತ್ತಿದ್ದ ಎರಡು ಸಾಲು ಹೋಯಿತು. ಅವತ್ತಿನಿಂದ ಡಬ್ಬಿಗೆ ಕೆಂಪು ದಾರ ಕಟ್ಟಿದ್ದಾನೆ.

ಅಕ್ಟೋಬರ್ 14 ಬಂತು, ಹೋಯಿತು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಅದನ್ನು ಮಾಡಿಕೊಟ್ಟೆ. ಈಗ ಪ್ರಿಂಟ್ ತೆಗೆಯಲು ವಿಂಡೋಸ್, ಬ್ಯಾಂಕ್ ವ್ಯವಹಾರಕ್ಕೆ ಡಬ್ಬಿ. ಹೀಗೆ ಹಂಚಿಕೊಂಡದ್ದು ಅವನೇ, ನಾನು ಹೇಳಿದ್ದಲ್ಲ.

ನವೆಂಬರಿನಲ್ಲಿ ಒಂದು ಸಂಜೆ ಫೋನ್ ಬಂತು. ಮೇಲಿನಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಏಳುತ್ತಿಲ್ಲ, ರಿಪೇರಿ ರಿಪೇರಿ ಅಂತ ಸುತ್ತುತ್ತಿದೆ, ಕಾಲೇಜಿನ ಪ್ರಾಜೆಕ್ಟು ಅದರೊಳಗಿದೆ. ಅಪ್ಪಯ್ಯ ದಾರ ಕಟ್ಟಿದ ಡಬ್ಬಿ ಹಿಡಿದು ಅಲ್ಲಿಗೆ ಹೋಗಿದ್ದಾನೆ.

"ಎಫ್ ಹನ್ನೆರಡು ಒತ್ತಿದ್ರೆ ಎಂತದೂ ಬರ್ತಿಲ್ಲ."

"ಎಫ್ ಒಂಬತ್ತು ನೋಡು. ಅದೂ ಅಲ್ಲ ಅಂದ್ರೆ ಎಸ್ಕೇಪ್."

ಒಂಬತ್ತಕ್ಕೆ ಬಂತು. ಡಬ್ಬಿಯ ಲಿನಕ್ಸ್ ಎದ್ದಿತು. ಹುಡುಗನ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಬೀಗದ ಚಿತ್ರ. ಬಿಟ್‌ಲಾಕರ್, ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಎಷ್ಟೋ ಸಲ ನಮಗೆ ಗೊತ್ತಿಲ್ಲದೇ ಆನ್ ಆಗಿರುತ್ತದೆ. 48 ಅಂಕಿಯ ಕೀಲಿ ಬೇಕು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರಬಹುದು, ಫೋನಿನಲ್ಲಿ ತೆಗೆದು ನೋಡಲಿ ಅಂದೆ. ಹುಡುಗ ಪಾಸ್‌ವರ್ಡ್ ನೆನಪು ಮಾಡಿಕೊಳ್ಳಲು ಹದಿನೈದು ನಿಮಿಷ ತೆಗೆದುಕೊಂಡ. ಅಷ್ಟರಲ್ಲಿ ಅಪ್ಪಯ್ಯನಿಗೆ ಅವರ ಮನೆಯಲ್ಲಿ ಕಷಾಯ ಬಂತು, ಲೋಟ ಇಟ್ಟ ಶಬ್ದ ನನಗೆ ಕೇಳಿಸಿತು.

ಆಮೇಲೆ ಕೀಲಿ ಸಿಕ್ಕಿರಬೇಕು. ಫೋನ್ ಕಟ್ ಮಾಡುವುದನ್ನು ಅವನು ಮರೆತಿದ್ದ. ಆರು ಆರು ಅಂಕಿಯ ಎಂಟು ಗುಂಪು. ಅಪ್ಪಯ್ಯ ಒಂದು ಗುಂಪು ಓದಿ ನಿಲ್ಲಿಸುತ್ತಿದ್ದ, ಹುಡುಗ ಹೊಡೆಯುತ್ತಿದ್ದ, ಇವನು "ಹೊಡ್ದ್ಯಾ?" ಅಂತ ಕೇಳಿ ಮುಂದಿನದ್ದಕ್ಕೆ ಹೋಗುತ್ತಿದ್ದ. ನಾಲ್ಕನೇ ಗುಂಪಿನಲ್ಲಿ ಹುಡುಗ ಅವಸರ ಮಾಡಿದ.

"ನಿಧಾನ ಮಾರಾಯ. ಹೆದರಬೇಡ, ನಿನ್ನದೆಲ್ಲ ಹಾಗೇ ಇದೆ. ಹಾಂ, ಮತ್ತೆ ಮೊದಲಿಂದ. ಮೂರು, ಒಂದು..."